ಆರು ಗಂಟೆಯೊಳಗಿನ ಮಗಳು

ನಮ್ಮ ಶಾಲೆಯ ಭೂಗೋಳದ ಮೇಡಂಗೆ ಮಕ್ಕಳು ಇಟ್ಟ ಹೆಸರು ಭೂಮಧ್ಯರೇಖೆ. ಅಡ್ಡಹೆಸರಿಗೆ ಸಾಮಾನ್ಯವಾಗಿ ಮೈಕಟ್ಟೇ ಕಾರಣವಾಗಿರುತ್ತದೆ, ಆದರೆ ಮೇಡಂ ಸೀಮೆಸುಣ್ಣದ ಕಡ್ಡಿಯ ಹಾಗೆ ತೆಳ್ಳಗಿದ್ದರು. ಪ್ರಪಂಚದಲ್ಲಿ ಯಾವುದು ಎಲ್ಲಿದೆ ಎಂದು ಹೇಳಬೇಕಾದರೂ ತಾವು ನಿಂತ ಜಾಗದಿಂದ ಅಳತೆ ಶುರುಮಾಡುವುದು ಅವರ ಪದ್ಧತಿ. ನೀರಿನ ನಲ್ಲಿ ಎಲ್ಲಿ ಎಂದರೆ ಇಲ್ಲಿಂದ ಅರವತ್ತು ಹೆಜ್ಜೆ. ಬಸ್ ನಿಲ್ದಾಣ ಎಂದರೆ ಇಲ್ಲಿಂದ ಏಳುನೂರು ಮೀಟರ್, ಅದೂ ಏರು. ಮಕ್ಕಳು ಸುಮ್ಮಸುಮ್ಮನೆ ಹೆಸರಿಡುವುದಿಲ್ಲ.

ಟೀಚರುಗಳ ಕೋಣೆಯಲ್ಲಿ ಹದಿನಾರು ವರ್ಷ ಅವರ ಪಕ್ಕದ ಕುರ್ಚಿ ನನ್ನದು. ನಾನು ಡ್ರಾಯಿಂಗ್ ಮೇಷ್ಟ್ರು. ನಮ್ಮಿಬ್ಬರಿಗೂ ಸೇರಿ ಒಂದೇ ಮರದ ಬೀರು. ಮೇಲಿನ ಹಲಗೆಯಲ್ಲಿ ಅವರ ಗ್ಲೋಬು, ಸುತ್ತಿಟ್ಟ ನಕ್ಷೆಗಳು. ಕೆಳಗಿನ ಹಲಗೆಯಲ್ಲಿ ನನ್ನ ಬಣ್ಣದ ಡಬ್ಬಿಗಳು. ಬೀಗದಕೈ ಮಾತ್ರ ಅವರ ಹತ್ತಿರ. ಬಣ್ಣ ಕಳುವಾದರೆ ಹೊಸದು ತರಿಸಬಹುದು, ಭೂಮಿ ಕಳುವಾದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದ ದಿನ ನನ್ನ ಬೀಗದಕೈಯನ್ನೂ ಅವರಿಗೇ ಕೊಟ್ಟುಬಿಟ್ಟೆ. ಇವತ್ತಿಗೂ ಕೇಳಿ ಇಸಕೊಳ್ಳುತ್ತೇನೆ.

ಯಾರ ಮನೆಯವರು ಯಾವ ಊರಿಗೆ ಹೋದರೂ ಮೇಡಂ ಕುಶಲ ವಿಚಾರಿಸುವ ಮೊದಲು ಕಿಲೋಮೀಟರ್ ಹೇಳುತ್ತಿದ್ದರು. ಒಂದೇ ಒಂದು ಊರಿಗೆ ಮಾತ್ರ ಅವರ ಹತ್ತಿರ ಲೆಕ್ಕವಿರಲಿಲ್ಲ. ಅದು ಅವರ ತಂಗಿಯ ಊರು. ಒಂಬತ್ತು ವರ್ಷದ ಹಿಂದೆ ತಂಗಿ ಅಲ್ಲಿ ಕನ್ನಡಕದ ಅಂಗಡಿ ಇಟ್ಟಾಗಿನಿಂದ "ಅಕ್ಕಾ, ಒಂದ್ಸಲ ಬಾರೇ" ಎಂದು ಕರೆಯುತ್ತಲೇ ಇದ್ದಳು. ನಾವು ಯಾರಾದರೂ ಆ ಊರು ಎಷ್ಟು ದೂರ ಎಂದು ಕೇಳಿದರೆ ಮೇಡಂ ಕನ್ನಡಕ ತೆಗೆದು ಒರೆಸುತ್ತಾ "ದೂರ" ಅನ್ನುತ್ತಿದ್ದರು. ಅಂಕಿಯಿಲ್ಲದ ದೂರ ಅವರ ಬಾಯಿಂದ ಬಂದದ್ದು ಅದೊಂದೇ.

ಈ ಅಕ್ಕತಂಗಿಯರ ಕಥೆ ನನಗೆ ಕಂತುಕಂತಾಗಿ, ಉತ್ತರ ಪತ್ರಿಕೆ ತಿದ್ದುವ ದಿನಗಳಲ್ಲಿ ಗೊತ್ತಾಗಿದ್ದು. ಅವರ ತಾಯಿ ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್. ದೂರದ ಊರುಗಳಿಗೆ ಲೈನು ಕೂಡಿಸಿಕೊಡುವ ಕೆಲಸ, ಅರ್ಧ ಪಾಲು ರಾತ್ರಿ ಪಾಳಿ. ತಂಗಿ ಹುಟ್ಟಿದಾಗ ಅಕ್ಕನಿಗೆ ಐದು ವರ್ಷ. ಹಾಲು ಕುಡಿಯುವ ಕೂಸನ್ನು ಬಿಟ್ಟುಹೋಗುವ ಹಾಗಿಲ್ಲ ಎಂದು ತಾಯಿ ಅದನ್ನು ಬುಟ್ಟಿಯಲ್ಲಿ ಮಲಗಿಸಿ ಕಚೇರಿಗೆ ಒಯ್ಯುತ್ತಿದ್ದರು. ದೊಡ್ಡವಳು ಪಕ್ಕದ ಮನೆಯಲ್ಲಿ ಮಲಗಬೇಕು. ಪಕ್ಕದ ಮನೆಯಲ್ಲಿ ಆಟದ ಸಾಮಾನು ಇರಲಿಲ್ಲ, ಒಂದು ಹಳೆಯ ಅಟ್ಲಾಸ್ ಇತ್ತು.

"ಅಮ್ಮನ ಬಾಯಲ್ಲಿ ಬಂದ ಊರನ್ನೆಲ್ಲ ಅವಳು ನಿದ್ದೆಗಣ್ಣಲ್ಲೇ ಕೇಳಿದ್ಲು" ಎಂದು ಮೇಡಂ ಒಮ್ಮೆ ಹೇಳಿದರು. "ನಾನು ಒಂದೊಂದನ್ನೂ ಬಾಯಿಪಾಠ ಮಾಡ್ಬೇಕಾಯ್ತು."

ಬುಟ್ಟಿಯಲ್ಲಿದ್ದ ಕೂಸಿಗೆ ಈಗ ನಲವತ್ತೈದು ವರ್ಷ. ಆದರೂ ಮೇಡಂ ಆ ಬುಟ್ಟಿಯನ್ನು ಕ್ಷಮಿಸಿರಲಿಲ್ಲ. ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ, ಅದನ್ನು ಹೊತ್ತವರಿಗೆ ಮಾತ್ರ ಕೂದಲು ನೆರೆಯುತ್ತದೆ.

ಕಳೆದ ಬೇಸಿಗೆ ರಜೆಗೆ ಒಂದೂವರೆ ತಿಂಗಳು ಇರುವಾಗ ತಾಯಿಯಿಂದ ಸುದ್ದಿ ಬಂತು. ಆಕೆಗೆ ಎಪ್ಪತ್ತನಾಲ್ಕು. ಮೂರನೆಯದೊಂದು ಊರಿನಲ್ಲಿ, ನಾಲ್ಕನೇ ಮಹಡಿಯಲ್ಲಿ, ಇಸ್ಪೀಟಾಡುವ ಮೂವರು ಗೆಳತಿಯರ ಜೊತೆ ಚೆನ್ನಾಗಿಯೇ ಇದ್ದವರು. ಹಿಂದಿನ ವರ್ಷ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಮಲಗಿದ್ದರು, ಈಗ ಡಾಕ್ಟರು ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿದ್ದರು. ಆದರೆ ಷರತ್ತು ಎರಡು. ವಿಮಾನ ಹೊರಟಲ್ಲಿಂದ ಕೊನೆಗೆ ಇಳಿಯುವವರೆಗೆ, ನಡುವೆ ಕಾಯುವುದೂ ಸೇರಿ, ಒಂದು ಪ್ರಯಾಣ ಆರು ಗಂಟೆ ಮೀರಬಾರದು. ಒಂದು ಪ್ರಯಾಣ ಆದಮೇಲೆ ಎರಡು ವಾರವಾದರೂ ಇನ್ನೊಂದು ಬೇಡ. ರಜೆಯ ಎರಡು ತಿಂಗಳು ಒಬ್ಬ ಮಗಳ ಮನೆಯಲ್ಲಿ ಇರುತ್ತೇನೆ, ಯಾರ ಮನೆ ಆರು ಗಂಟೆಯೊಳಗೆ ಬರುತ್ತದೋ ನೋಡಿ ಹೇಳಿ ಎಂದು ತಾಯಿ ಮನೆಯವರ ಫೋನ್ ಗ್ರೂಪಿನಲ್ಲಿ ಬರೆದರು.

ಮೇಡಂ ಆ ದಿನ ಎರಡನೇ ಪಿರಿಯಡ್ ಮುಗಿದ ಕೂಡಲೇ ಬೀರು ತೆರೆದರು. ಗ್ಲೋಬು ಹೊರಗೆ ಬಂತು. ದಾರದ ಉಂಡೆ ಬಂತು.

"ಮೇಷ್ಟ್ರೇ, ಸ್ವಲ್ಪ ಭೂಮಿ ಹಿಡ್ಕೊಳ್ಳಿ."

ನಾನು ಹಿಡಿದೆ. ಹದಿನಾರು ವರ್ಷದಲ್ಲಿ ಅವರು ನನಗೆ ವಹಿಸಿದ ಅತಿ ದೊಡ್ಡ ಜವಾಬ್ದಾರಿ ಅದು. ತಾಯಿಯ ಊರಿನ ಮೇಲೆ ದಾರದ ಒಂದು ತುದಿ ಇಟ್ಟು, ನಮ್ಮ ಊರಿಗೆ ಎಳೆದು, ಹೆಬ್ಬೆರಳಿನ ಉಗುರಿನಿಂದ ಒತ್ತಿ, ಸ್ಕೇಲಿನ ಮೇಲೆ ಹಾಸಿದರು. ಎರಡು ಸಾವಿರದ ಒಂಬೈನೂರು ಕಿಲೋಮೀಟರ್. ಆಮೇಲೆ ಅದೇ ತಾಯಿಯ ಊರಿನಿಂದ ತಂಗಿಯ ಊರಿಗೆ. ದಾರ ಹೋಗುತ್ತಲೇ ಇತ್ತು. ಸಮುದ್ರ ದಾಟಿತು, ಒಂದು ಮರುಭೂಮಿ ದಾಟಿತು. ನಾಲ್ಕು ಸಾವಿರದ ನೂರೈವತ್ತು. ಮೇಡಂ ದಾರವನ್ನು ಮೇಲೆತ್ತಿ ಕೋಣೆಯಲ್ಲಿದ್ದ ಎಲ್ಲರಿಗೂ ತೋರಿಸಿದರು, ಮೀನು ಹಿಡಿದವರ ಹಾಗೆ.

ಗಣಿತದ ಮೇಷ್ಟ್ರು ಕಿಟಕಿಯ ಹತ್ತಿರ ಟೀ ಕುಡಿಯುತ್ತಿದ್ದರು. ಅವರು ಯಾವತ್ತೂ ಧ್ವನಿ ಏರಿಸಿದವರಲ್ಲ. ಇನ್ನೊಬ್ಬರ ಸಂತೋಷದಲ್ಲಿ ತೂತು ಕೊರೆಯಲು ಧ್ವನಿ ಬೇಕಾಗುವುದಿಲ್ಲ.

"ನೇರ ವಿಮಾನ ಇದ್ಯಾ ಮೇಡಂ?"

ಇರಲಿಲ್ಲ. ತಾಯಿಯ ಊರಿನಿಂದ ನಮ್ಮ ಊರಿಗೆ ಬರುವವರು ನಡುವೆ ಒಂದು ದೊಡ್ಡ ಊರಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಮೊದಲನೆಯದು ಎರಡು ಗಂಟೆ ಐವತ್ತು ನಿಮಿಷ, ಕಾಯುವುದು ನಾಲ್ಕು ಗಂಟೆ ಹತ್ತು, ಎರಡನೆಯದು ಎರಡು ಗಂಟೆ ಇಪ್ಪತ್ತು. ಒಟ್ಟು ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ತಂಗಿಯ ಊರಿಗೆ ದಿನಕ್ಕೊಂದು ನೇರ ವಿಮಾನ, ಐದು ಗಂಟೆ ಮೂವತ್ತೈದು ನಿಮಿಷ. ಹತ್ತಿರವಿದ್ದ ಮಗಳು ದೂರವಾದಳು, ದೂರವಿದ್ದವಳು ಹತ್ತಿರವಾದಳು. ದಾರ ಮೇಡಂ ಕೈಯಲ್ಲೇ ನೇತಾಡುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಮೇಡಂ ಮೂರು ವಾರ ಯುದ್ಧ ಮಾಡಿದರು. ಕಾಯುವುದನ್ನು ಪ್ರಯಾಣಕ್ಕೆ ಸೇರಿಸಬಾರದು, ಬೆಂಚಿನ ಮೇಲೆ ಕೂತವನು ಎಲ್ಲಿಗೆ ಹೋದ ಹಾಗಾಯಿತು ಎನ್ನುವುದು ಮೊದಲ ವಾರದ ವಾದ. ಎರಡನೇ ವಾರ ತಂಗಿಯ ಮನೆ ಅಲ್ಲಿನ ವಿಮಾನ ನಿಲ್ದಾಣದಿಂದ ಒಂದು ಗಂಟೆ ಐವತ್ತು ನಿಮಿಷ ಎಂದು ಪತ್ತೆಮಾಡಿ ಅದನ್ನು ಕೂಡಿಸಿದರು. ತಮ್ಮ ಬೆಂಚನ್ನು ಕಳೆದು ತಂಗಿಯ ಟ್ಯಾಕ್ಸಿಯನ್ನು ಕೂಡಿಸಿದ ಆ ಲೆಕ್ಕವನ್ನು ಗಣಿತದ ಮೇಷ್ಟ್ರು ಎರಡು ಸಲ ಓದಿ, ಮಡಚಿ, ಬಹಳ ಗೌರವದಿಂದ ವಾಪಸ್ ಕೊಟ್ಟರು. ಎಲ್ಲ ವಾದಗಳೂ ಗ್ರೂಪಿಗೆ ಹೋಗುತ್ತಿದ್ದವು. ತಂಗಿ ಪ್ರತಿಯೊಂದಕ್ಕೂ ಒಂದು ನಗುಮುಖ ಕಳಿಸುತ್ತಿದ್ದಳು. ಆ ನಗುಮುಖ ಮೇಡಂಗೆ ಮೈಯೆಲ್ಲ ಉರಿ ಹತ್ತಿಸುತ್ತಿತ್ತು.

ಆ ನಡುವೆ ಒಂದು ಭಾನುವಾರ ಗೋಡೆಗೆ ಬಣ್ಣ ಆರಿಸಿಕೊಡಿ ಎಂದು ನನ್ನನ್ನು ಮನೆಗೆ ಕರೆದರು. ನಾನು ಬಣ್ಣದ ಪಟ್ಟಿ ಹಿಡಿದುಕೊಂಡು ಕಲಾವಿದನ ಠೀವಿಯಲ್ಲಿ ಹೋದೆ. ಹಿಂದೆ ಹಳೆಯ ಉತ್ತರ ಪತ್ರಿಕೆಗಳೂ ಅವರ ಯಜಮಾನರ ಸಾಮಾನುಗಳೂ ತುಂಬಿದ್ದ ಕೋಣೆ ಅದು. ಯಜಮಾನರು ಲಿಫ್ಟ್ ರಿಪೇರಿ ಮಾಡುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಈಗ ಕೋಣೆ ಖಾಲಿಯಾಗಿ ಅದರಲ್ಲಿ ಒಂದು ಮಂಚ ಇತ್ತು. ಮೊಣಕಾಲು ಬಗ್ಗಿಸುವ ಕಷ್ಟ ಇರಬಾರದೆಂದು ನಾಲ್ಕೂ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರ ಮಾಡಿದ್ದರು. ಮಲಗಿದಲ್ಲಿಂದಲೇ ಕೈಗೆ ಸಿಗುವ ಹಾಗೆ ದೀಪದ ಸ್ವಿಚ್ಚು ಕೆಳಗಿಳಿದಿತ್ತು. ಬೀದಿ ಕಾಣುವ ಕಿಟಕಿಯ ಮುಂದೆ ಮೆತ್ತನೆಯ ಕುರ್ಚಿ, ಅದರ ಪಕ್ಕ ಇಸ್ಪೀಟಿಗೆ ಸಾಕಾಗುವಷ್ಟು ಸಣ್ಣ ಮೇಜು. ಬಚ್ಚಲುಮನೆಯ ಗೋಡೆಗೆ ಯಜಮಾನರು ಲಿಫ್ಟಿನ ಕಂಬಿ ಹಾಕಿದ್ದರು.

"ಎಂಟು ಜನ ತಡಿಯುತ್ತೆ" ಎಂದರು ಯಜಮಾನರು. ಆ ದಿನದ ಅರ್ಧ ಮಾತು ಅಲ್ಲಿಗೆ ಖರ್ಚಾಯಿತು.

ನನಗೆ ನಿಜವಾಗಿಯೂ ಮನಸ್ಸು ತುಂಬಿ ಬಂತು. ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ ಮೇಡಂ, ನಿಮ್ಮ ತಾಯಿ ಕಿಲೋಮೀಟರೆಲ್ಲ ಮರೆತುಬಿಡುತ್ತಾರೆ ಎಂದೆ.

ಮೇಡಂ ಬಾಗಿಲು ಮುಂದೆ ಮಾಡಿದರು, ತಂಗಿ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನುವ ಹಾಗೆ.

"ಗ್ರೂಪಿಗೆ ಹಾಕಿದ್ರೆ ಅವಳೂ ನೋಡ್ತಾಳೆ. ನಾಳೆ ಹೊತ್ತಿಗೆ ಅವಳ ಬಚ್ಚಲಲ್ಲೂ ಕಂಬಿ ಇರುತ್ತೆ."

"ತಾಯಿಯವ್ರಿಗೆ ಮಾತ್ರ ಕಳಿಸಿ."

"ಅಮ್ಮ ಅವಳಿಗೆ ತೋರಿಸ್ದೆ ಇರ್ತಾಳಾ? ಊರೂರಿಗೆ ಲೈನ್ ಕೊಟ್ಟ ಹೆಂಗಸು ರೀ. ಇಲ್ಲ ಮೇಷ್ಟ್ರೇ, ಬಂದಮೇಲೆ ನೋಡ್ಲಿ. ನೀವೂ ಯಾರ ಹತ್ರನೂ ಬಾಯಿ ಬಿಡ್ಬೇಡಿ."

ನಾನು ಮಾತು ಕೊಟ್ಟೆ. ತಿಳಿ ಹಸಿರು ಆರಿಸಿಕೊಟ್ಟೆ. ಅವರು ತಿಳಿ ನೀಲಿ ಬಳಿಸಿದರು, ತಂಗಿಯ ಮನೆಯಲ್ಲಿ ಹಸಿರು ಇದೆಯಂತೆ.

ಮೂರನೇ ವಾರ ತಂಗಿ ಹೋಗಿಬರುವ ಟಿಕೆಟ್ಟಿನ ಚಿತ್ರವನ್ನು ಗ್ರೂಪಿಗೆ ಹಾಕಿದಳು. ತಾಯಿ ಒಪ್ಪಿದರೆ ತಗೊಳ್ಳೋಣ ಎಂದು. ಆ ದಿನ ನಾವೆಲ್ಲ ವಾರ್ಷಿಕ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆವು. ಮೇಡಂ ಮುಂದೆ ಏಳನೇ ತರಗತಿಯ ಕಟ್ಟು. ಅದರಲ್ಲಿ ಒಂದು ಪ್ರಶ್ನೆ: ಒಂದು ಊರಿನಿಂದ ಇಷ್ಟು ಗಂಟೆಗೆ ಹೊರಟ ವಿಮಾನ, ಮೂರು ಗಂಟೆ ಮುಂದಿರುವ ಇನ್ನೊಂದು ಊರಿನಲ್ಲಿ ಇಷ್ಟು ಗಂಟೆಗೆ ಇಳಿದರೆ ಪ್ರಯಾಣದ ಅವಧಿ ಎಷ್ಟು? ಮೂವತ್ತೇಳು ಮಕ್ಕಳು ಇಳಿದ ಗಂಟೆಯಿಂದ ಹೊರಟ ಗಂಟೆಯನ್ನು ಕಳೆದು ಕೈತೊಳೆದುಕೊಂಡಿದ್ದರು. ಮೇಡಂ ಮೂವತ್ತೇಳಕ್ಕೂ ಎರಡೆರಡು ಅಂಕ ಕತ್ತರಿಸಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಯಾರ ಗಡಿಯಾರ?" ಎಂದು ಬರೆಯುತ್ತಾ ಬಂದಿದ್ದರು. ಇಪ್ಪತ್ತೆರಡು ವರ್ಷ ಅದೇ ಪಾಠ, ಅದೇ ತಪ್ಪು, ಅದೇ ಶಾಯಿ.

ಫೋನು ಸದ್ದು ಮಾಡಿತು. ಟಿಕೆಟ್ಟಿನ ಚಿತ್ರ ನೋಡುತ್ತಿದ್ದ ಮೇಡಂ ಮುಖ ಮೂರು ವಾರದ ಮೇಲೆ ಮೊದಲ ಸಲ ಅರಳಿತು. ವಾಪಸ್ ಬರುವ ವಿಮಾನ ತಂಗಿಯ ಊರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ತಾಯಿಯ ಊರಿಗೆ ರಾತ್ರಿ ಹತ್ತೂ ಹತ್ತಕ್ಕೆ ಇಳಿಯುತ್ತದೆ.

"ಎಂಟು ಗಂಟೆ ಹತ್ತು ನಿಮಿಷ" ಎಂದರು. "ಹೋಗೋದನ್ನ ಮಾತ್ರ ಹೇಳಿ ಬರೋದನ್ನ ಮುಚ್ಚಿಟ್ಟಿದಾಳೆ. ಕನ್ನಡಕದೋಳು ಎಲ್ಲರ ಕಣ್ಣಿಗೂ ಮಣ್ಣೆರಚಿದ್ಲು."

ಗಣಿತದ ಮೇಷ್ಟ್ರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಹಾಗೆ ಮುಚ್ಚಿದ್ದು ಸೌಜನ್ಯದಿಂದ ಎಂದು ಅವರು ಈಗಲೂ ಹೇಳುತ್ತಾರೆ. ನನಗಂತೂ ಏನೂ ಹೊಳೆಯಲಿಲ್ಲ. ಮೇಡಂ ಗ್ರೂಪಿಗೆ ಬರೆದೇಬಿಟ್ಟರು: ವಾಪಸ್ ಪ್ರಯಾಣ ಎಂಟು ಗಂಟೆ ಹತ್ತು ನಿಮಿಷ, ಇದನ್ನು ಡಾಕ್ಟರಿಗೆ ತೋರಿಸಿದ್ದೀರಾ?

ಐದು ನಿಮಿಷಕ್ಕೆ ತಾಯಿಯ ಫೋನು ಬಂತು. ಮೇಡಂಗೆ ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡುವ ಅಭ್ಯಾಸ, ಕೈ ಪತ್ರಿಕೆ ತಿದ್ದುತ್ತಿರಬೇಕಲ್ಲ. ಗೆದ್ದವರ ಹುರುಪಿನಲ್ಲಿ ಆ ದಿನ ಧ್ವನಿಯನ್ನೂ ಸ್ವಲ್ಪ ಹೆಚ್ಚಿಸಿದರು.

"ಏನೇ ಅದು ಎಂಟು ಗಂಟೆ?" ಎಂದಿತು ಆ ಕಡೆಯ ಧ್ವನಿ. ಸಣ್ಣಗೆ, ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ಬೇರೆಬೇರೆಯಾಗಿ ಕೈಗೆ ಕೊಟ್ಟ ಹಾಗೆ.

"ಟಿಕೆಟ್ ನೋಡಮ್ಮ. ಎರಡಕ್ಕೆ ಹೊರಟ್ರೆ ಹತ್ತೂ ಹತ್ತಕ್ಕೆ ಇಳಿಯೋದು."

"ಎರಡು ಗಂಟೆ ಅಂದ್ಯಲ್ಲ, ಅದು ಯಾರ ಗಡಿಯಾರದಲ್ಲಿ?"

ಮೇಡಂ ಕೈಯ ಕೆಂಪು ಪೆನ್ನು ನಿಂತಿತು. ಅದರ ಕೆಳಗೆ ಇದ್ದದ್ದೂ ಅದೇ ಎರಡು ಪದ.

"ನಿನ್ನ ತಂಗಿ ಊರಲ್ಲಿ ಗಡಿಯಾರ ಮೂರು ಗಂಟೆ ಹಿಂದೆ ಕಣೇ" ಎಂದರು ತಾಯಿ. "ಎಂಟೂ ಹತ್ತರಲ್ಲಿ ಮೂರು ತೆಗಿ. ಐದು ಗಂಟೆ ಹತ್ತು ನಿಮಿಷ. ನೀನು ಮಕ್ಕಳಿಗೆ ಇದನ್ನೇ ಅಲ್ವಾ ಹೇಳ್ಕೊಡೋದು?"

ಆಟದ ಮೇಷ್ಟ್ರು ಬಾಯಿಗೆ ಹಾಕಿದ ಬಿಸ್ಕತ್ತನ್ನು ಅಗಿಯದೆ ಹಾಗೇ ಇಟ್ಟುಕೊಂಡರು.

"ಕೆಲ್ಸದ ಗಡಿಬಿಡೀಲಿ..." ಎಂದರು ಮೇಡಂ.

"ಗಡಿಬಿಡಿ ಅಲ್ಲ, ಹೊಟ್ಟೆಕಿಚ್ಚು. ಇರ್ಲಿ ಬಿಡು, ಹೆತ್ತೋಳು ನಾನೇ. ಒಂದು ಮಾತು ಕೇಳ್ತೀನಿ. ನಿನ್ನ ತಂಗಿ ಮೊದಲನೇ ದಿನವೇ ಫೋನ್ ಮಾಡಿ ಬಾಮ್ಮ ಅಂದ್ಲು. ನೀನು ಮೂರು ವಾರದಿಂದ ಅಲ್ಲಿಗೆ ಯಾಕೆ ಹೋಗಬಾರ್ದು ಅಂತ ಬರೀತಿದೀಯ. ಒಂದ್ಸಲ ಬಾ ಅಂದ್ಯಾ?"

ನನಗೆ ನೀಲಿ ಕೋಣೆ, ಎತ್ತರದ ಮಂಚ, ಎಂಟು ಜನ ತಡೆಯುವ ಕಂಬಿ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಎದ್ದು ನಿಂತು ಹೇಳಿಬಿಡಲೇ ಅನ್ನಿಸಿತು. ಮಾತು ಕೊಟ್ಟಿದ್ದೆ.

"ಅದನ್ನ ಹೇಳ್ಬೇಕಾಮ್ಮ? ನಿಂಗೆ ಗೊತ್ತಾಗಲ್ವಾ?"

"ಮೂವತ್ತೊಂದು ವರ್ಷ ಕಿವಿಗೆ ಫೋನ್ ಹಾಕ್ಕೊಂಡು ಕೂತಿದ್ದೆ ಕಣೇ. ಜನ ಹೇಳ್ದೇ ಇದ್ದದ್ದು ಒಂದೂ ನನಗೆ ಕೇಳಿಸಿಲ್ಲ."

ಟಿಕೆಟ್ ತಗೊಳ್ಳೋಕೆ ಹೇಳಿದೀನಿ, ಹದಿನೈದನೇ ತಾರೀಕು ಎಂದು ಹೇಳಿ ತಾಯಿ ಫೋನಿಟ್ಟರು. ಮೂರು ನಿಮಿಷ ಮೀರಿ ಮಾತಾಡುವುದು ಅವರಿಗೆ ಸೇವೆಯಲ್ಲಿದ್ದಾಗಲೂ ಇಷ್ಟವಿರಲಿಲ್ಲವಂತೆ.

ಮೇಡಂ ಏಳನೇ ತರಗತಿಯ ಕಟ್ಟನ್ನು ಮೊದಲಿನಿಂದ ತೆಗೆದು ಮೂವತ್ತೇಳು ಮಕ್ಕಳಿಗೂ ಒಂದೊಂದು ಅಂಕ ವಾಪಸ್ ಕೊಟ್ಟರು. ಕಾರಣ ಆ ಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ. ಗಣಿತದ ಮೇಷ್ಟ್ರು ಅವರ ಮುಂದೆ ಒಂದು ಲೋಟ ಟೀ ಇಟ್ಟುಹೋದರು. ಅದನ್ನು ಮಾತ್ರ ನಾನು ಸೌಜನ್ಯ ಎಂದು ಒಪ್ಪುತ್ತೇನೆ.

ಮುಂದಿನ ನಾಲ್ಕು ದಿನ ಮೇಡಂ ಯಾರಿಗೂ ಯಾವ ದೂರವನ್ನೂ ಹೇಳಲಿಲ್ಲ. ಒಬ್ಬ ಹುಡುಗಿ ಬಂದು ಉತ್ತರ ಧ್ರುವ ಎಷ್ಟು ದೂರ ಮಿಸ್ ಎಂದು ಕೇಳಿದರೆ ಪುಸ್ತಕ ನೋಡಿಕೋ ಎಂದರು. ತಂಗಿಯ ಬಗ್ಗೆ ಮಾತ್ರ ಸುದ್ದಿ ನಿಲ್ಲಲಿಲ್ಲ. ತಾಯಿಗೆಂದು ಹೊಸ ಹಾಸಿಗೆ ತರಿಸಿದ್ದಾಳಂತೆ. ಕಾಲಿಗೆ ಹಿತವಾದ ಬೂಟು ತೆಗೆದಿಟ್ಟಿದ್ದಾಳಂತೆ. ಒಂದೊಂದು "ಅಂತೆ"ಯನ್ನೂ ಮೇಡಂ ಹಲ್ಲಿನ ಸಂದಿಯಿಂದ ಹೊರಗೆ ಬಿಡುತ್ತಿದ್ದರು.

ಐದನೇ ದಿನ ಬೆಳಿಗ್ಗೆ, ಗಂಟೆ ಹೊಡೆಯುವ ಮೊದಲು, ನಾನು ಬೀರಿನ ಬೀಗದಕೈ ಕೇಳಲು ಅವರನ್ನು ಹುಡುಕಿಕೊಂಡು ಹೋದೆ. ಪ್ರಯೋಗಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಫೋನು ಕಿವಿಯಲ್ಲಿತ್ತು, ಸ್ಪೀಕರ್ ಇರಲಿಲ್ಲ.

"ಅಮ್ಮ, ನಮ್ಮನೆಗೆ ಬಾ" ಎನ್ನುತ್ತಿದ್ದರು. "ಎಷ್ಟು ಗಂಟೆ ಅಂತ ಈಗ ಲೆಕ್ಕ ಹೇಳಲ್ಲ. ಆರು ಗಂಟೆ ಮೀರುತ್ತೆ ಅಂತ ಗೊತ್ತು. ಆದ್ರೂ ಬಾ ಅಂತಿದೀನಿ. ನಿನಗೆ ಒಂದು ರೂಮು ಮಾಡ್ಸಿದೀನಿ."

ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ. ಆ ದಿನ ನನ್ನ ಮಕ್ಕಳು ಬಣ್ಣವಿಲ್ಲದೆ ಪೆನ್ಸಿಲಿನಲ್ಲೇ ಚಿತ್ರ ಬರೆದರು.

ಮಧ್ಯಾಹ್ನ ಮೇಡಂ ತಾಯಿಯ ಉತ್ತರ ತಿಳಿಸಿದರು. ತಂಗಿಗೆ ಬರುತ್ತೇನೆ ಎಂದಾಗಿದೆ, ಅದನ್ನು ತಪ್ಪಿಸುವುದಿಲ್ಲ. ಆದರೆ ನಮ್ಮ ಕಾಲದಲ್ಲಿ ನೇರ ಲೈನು ಸಿಗದಿದ್ದರೆ ಬೇರೆ ಊರಿನ ಮೂಲಕ ಕೊಡುತ್ತಿದ್ದೆವು. ನಿನ್ನ ತಂಗಿಯ ಊರಿನಿಂದ ನಿಮ್ಮೂರಿಗೆ ವಿಮಾನ ಎಷ್ಟು ಹೊತ್ತು, ನೋಡು.

"ಅಲ್ಲಿಂದ ಇಲ್ಲಿಗೆ ಎಷ್ಟು ಮೇಡಂ?" ಎಂದೆ ನಾನು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ಹುಡುಕಿ ನೋಡಿರಲಿಲ್ಲ. ನೋಡಿದರೆ ಹೋಗಬೇಕಾಗುತ್ತಿತ್ತು.

ಈ ಸಲ ದಾರಕ್ಕೂ ಮೊದಲು ಫೋನಿನಲ್ಲಿ ನೋಡಿದರು. ನೇರ ವಿಮಾನ, ದಿನವೂ ಇದೆ. ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಆಮೇಲೆ ಸಮಾಧಾನಕ್ಕೆಂದು ನಾನು ಭೂಮಿ ಹಿಡಿದೆ, ಅವರು ದಾರ ಎಳೆದರು. ಮೂರು ಸಾವಿರದ ಮುನ್ನೂರು ಕಿಲೋಮೀಟರ್.

ಹಾಗಾದರೆ ತಾಯಿ ಬರಲು ದಾರಿ ಇತ್ತು. ಆದರೆ ಆ ದಾರಿ ತಂಗಿಯ ಮನೆಯ ಮೇಲೆ ಹಾದು ಬರುತ್ತಿತ್ತು. ಜಗತ್ತಿನಲ್ಲಿ ಬೇರೆ ಯಾವ ದಾರಿಯೂ ಆರು ಗಂಟೆಯೊಳಗೆ ಬರುತ್ತಿರಲಿಲ್ಲ. ಗಣಿತದ ಮೇಷ್ಟ್ರು ಎಲ್ಲ ಜೋಡಣೆಗಳನ್ನೂ ಕೂಡಿ ಕಳೆದು ನೋಡಿ ಇಲ್ಲ ಎಂದು ತಲೆಯಾಡಿಸಿದರು. ತಂಗಿಯನ್ನು ಕೇಳಲೇಬೇಕು.

ಕೇಳಲು ಮೇಡಂ ಎರಡು ದಿನ ತಯಾರಾದರು. ಒಂದು ಚೀಟಿಯಲ್ಲಿ ಬರೆದುಕೊಂಡು, ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ ತುಟಿ ಆಡಿಸುತ್ತಿದ್ದರು. ಕೊನೆಗೆ ಶನಿವಾರ, ಶಾಲೆ ಬಿಟ್ಟ ಮೇಲೆ ಮಾತಾಡಿದರಂತೆ. ಅಮ್ಮನನ್ನು ಒಂದು ತಿಂಗಳಾದ ಮೇಲೆ ಈ ಕಡೆ ಕಳಿಸಿಕೊಡುತ್ತೀಯಾ ಎಂದು ಕೇಳಿದಾಗ ತಂಗಿ ಸಣ್ಣ ದನಿಯಲ್ಲಿ "ನನಗೆ ಒಂದೇ ತಿಂಗಳಾ?" ಎಂದಳಂತೆ. ಇದನ್ನು ಹೇಳುವಾಗ ಮೇಡಂ ಮುಖದಲ್ಲಿ ಕರುಣೆ ಇತ್ತು. ಆದರೆ ಅದರ ಹಿಂದೆ ಇನ್ನೇನೋ ಕುಣಿಯುತ್ತಿತ್ತು. ಚೌಕಾಸಿ ಒಂದು ಗಂಟೆ ನಡೆಯಿತು. ಅಲ್ಲಿ ಇಪ್ಪತ್ತೊಂಬತ್ತು ದಿನ, ಇಲ್ಲಿ ಮೂವತ್ತೊಂದು.

ತಾಯಿ ಬಂದಿಳಿಯುವ ದಿನ ಯಜಮಾನರು ಎಲ್ಲೋ ನಿಂತುಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು ಹೋಗಿದ್ದರಿಂದ ನನ್ನ ಕಾರಿನಲ್ಲಿ ಹೋದೆವು. ವಿಮಾನ ಹನ್ನೆರಡು ನಿಮಿಷ ತಡ. ಮೇಡಂ ಆ ಹನ್ನೆರಡು ನಿಮಿಷವನ್ನೂ ತಂಗಿಯ ಖಾತೆಗೆ ಬರೆದರು. ಬಾಗಿಲು ತೆರೆದು ಗಿಡ್ಡನೆಯ, ನೆಟ್ಟಗೆ ನಡೆಯುವ ಮುದುಕಿಯೊಬ್ಬರು ಹೊರಗೆ ಬಂದರು. ಕಾಲಲ್ಲಿ ಹೊಸ ಬೂಟು, ಕಿವಿಯಲ್ಲಿ ಫೋನು.

"ಬಂದೆ ಕಣೇ, ನಿನ್ನ ಅಕ್ಕ ಇಲ್ಲೇ ನಿಂತಿದಾಳೆ" ಎನ್ನುತ್ತಾ ಫೋನನ್ನು ಮೇಡಂ ಕೈಗೆ ಕೊಟ್ಟರು. "ನಿನ್ನ ತಂಗಿ ಬೆಳಿಗ್ಗೆಯಿಂದ ಒಂದೇ ಸಮ ಅಳ್ತಿದಾಳೆ. ಏನಾದ್ರೂ ಹೇಳು."

ಮೇಡಂ ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದರು.

"ಕರ್ಕೊಂಡ್ಯಲ್ಲ, ಖುಷಿನಾ?" ಎಂದಳು ತಂಗಿ, ಮೂಗು ಏರಿಸುತ್ತಾ. "ಇಲ್ಲಿದ್ದಾಗ ಇಪ್ಪತ್ತೊಂಬತ್ತು ದಿನವೂ ಅಮ್ಮನ ಬಾಯಲ್ಲಿ ನಿನ್ನ ಮಾತೇ. ನಿಮ್ಮಕ್ಕ ಆಗಿದ್ರೆ ಹೀಗೆ ಮಾಡ್ತಿರ್ಲಿಲ್ಲ, ನಿಮ್ಮಕ್ಕನ್ನ ಕೇಳು ಅವಳಿಗೆ ಗೊತ್ತಿರುತ್ತೆ. ಚಿಕ್ಕಂದಿನಿಂದ ಇದೇ ಆಯ್ತು ನನ್ನ ಹಣೆಬರಹ. ನಿನ್ನನ್ನ ಕಂಡ್ರೆ ಉರಿಯುತ್ತೆ ಅಕ್ಕಾ, ನಿಜವಾಗ್ಲೂ."

ಮೇಡಂ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. ಬಾಯಿ ಕಿವಿಯವರೆಗೂ ಹೋಗಿತ್ತು.

"ಅವಳಿಗೂ ಹೊಟ್ಟೆಕಿಚ್ಚಂತೆ ಮೇಷ್ಟ್ರೇ" ಎಂದರು. ನಲವತ್ತೈದು ವರ್ಷ ಕಾದಿದ್ದ ಬಹುಮಾನ ಕೈಗೆ ಬಂದವರ ಹಾಗೆ ಹೇಳಿದರು. ಆಮೇಲೆ ಫೋನಿಗೆ, ಬಹಳ ಮೃದುವಾಗಿ, "ಪಾಪ, ಅಳ್ಬೇಡ್ವೇ" ಎಂದರು.

ಮಕ್ಕಳಿಗಿಂತ ಒಂದು ವಾರ ಮೊದಲು ನಾವು ಶಾಲೆಗೆ ಬರಬೇಕು. ಮೇಡಂ ಬಂದದ್ದೇ ನಗುತ್ತಾ. ತಂಗಿ ದಿನಕ್ಕೆ ಮೂರು ಸಲ ಫೋನ್ ಮಾಡಿ ಅಮ್ಮ ಏನು ಮಾಡುತ್ತಿದ್ದಾಳೆ ಎಂದು ವಿಚಾರಿಸುತ್ತಿದ್ದಳಂತೆ. ಒಂದೊಂದು ಸಲವೂ ಇವರು "ಪಾಪ" ಅನ್ನುತ್ತಿದ್ದರು. ಆ ಒಂದು ಪದದಲ್ಲಿ ಅಷ್ಟು ಸಂತೋಷ ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಗಣಿತದ ಮೇಷ್ಟ್ರು ವೇಳಾಪಟ್ಟಿಗೆ ಗೆರೆ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ತಾಯಿಯವ್ರು ವಾಪಸ್ ಹೋಗೋದು ಹೇಗೆ ಮೇಡಂ?"

ನಗು ಅಲ್ಲೇ ನಿಂತಿತು. ಬಂದ ದಾರಿಯೇ ಹೋಗುವ ದಾರಿ. ಇಲ್ಲಿಂದ ತಂಗಿಯ ಊರಿಗೆ, ಡಾಕ್ಟರು ಹೇಳಿದ ಹಾಗೆ ಅಲ್ಲಿ ಎರಡು ವಾರ ವಿಶ್ರಾಂತಿ, ಆಮೇಲೆ ಮನೆಗೆ. ಇಪ್ಪತ್ತೊಂಬತ್ತಕ್ಕೆ ಹದಿನಾಲ್ಕು ಸೇರಿ ನಲವತ್ತಮೂರು. ಇಲ್ಲಿ ಮೂವತ್ತೊಂದು. ಒಂದು ಗಂಟೆ ಚೌಕಾಸಿ ಮಾಡಿದ ತಂಗಿ ಕೊನೆಗೆ ಎರಡು ದಿನ ಕಡಿಮೆಗೆ ಯಾಕೆ ಒಪ್ಪಿದಳು ಎನ್ನುವುದು ಆಗ ಅರ್ಥವಾಯಿತು.

ಮೇಡಂ ಬಿಳಿ ಹಾಳೆ ತೆಗೆದು ರಜೆಯ ಅರ್ಜಿ ಬರೆದರು. ಹದಿನಾಲ್ಕು ದಿನ. ಕಾರಣ ಎನ್ನುವ ಕಡೆ "ಭೌಗೋಳಿಕ" ಎಂದು ಬರೆದರು. ಹೆಡ್ ಮೇಡಂ ಅದನ್ನು ಮೂರು ಸಲ ಓದಿ, ಏಳು ದಿನ ಕೊಟ್ಟರು.

ತಾಯಿಗೆ ಜೊತೆಯಾಗಲಿ ಅಂತ ಹೋಗ್ತಿದ್ದೀರಾ ಎಂದು ನಾನು ಕೇಳಿದೆ.

"ಜೊತೆ ಏನು ಬಂತು, ಒಬ್ಳೇ ಬಂದೋಳು ಒಬ್ಳೇ ಹೋಗ್ತಾಳೆ" ಎಂದರು ಮೇಡಂ, ಫೋನಿನಲ್ಲಿ ತಾಯಿಯ ಪಕ್ಕದ ಸೀಟನ್ನು ಒತ್ತುತ್ತಾ. "ಎರಡು ವಾರ ಅಮ್ಮನ್ನ ಪೂರ್ತಿ ಅವಳೊಬ್ಬಳಿಗೇ ಬಿಟ್ಟುಕೊಡೋದಾ? ಅರ್ಧ ಆದ್ರೂ ನಾನು ಇರ್ತೀನಿ."